ಇತಿಹಾಸದ ಮಾಸ್ಟ್ರೇ ಇಂಗ್ಲಿಷ್ ಮಾಸ್ಟ್ರು ಆಗಿದ್ದಾಗ

ಕಳೆದ ಸೆಮ್ಮಿನ ಪ್ಲೇಸ್‌ಮೆಂಟ್ ಟ್ರೇನಿಂಗಿನಲ್ಲಿ ನಡೆದ ಸಂಗತಿಯಿಂದಲೇ ಶುರು ಮಾಡುತ್ತೇವೆ. ಗ್ರೂಪ್ ಡಿಸ್ಕಶನ್ನಿಗೆ ಕೊಟ್ಟ ವಿಷಯ: ಹೈವೇ ಅಗಲ ಮಾಡುವಾಗ ಹಳೆಯ ಕಟ್ಟಡ, ಮರ, ಗುಡಿಗಳನ್ನು ಉಳಿಸಬೇಕೋ ಬೇಡವೋ. ಹತ್ತು ಜನ ಸುತ್ತ ಕೂತಿದ್ದೆವು. ಒಂಬತ್ತು ಜನ ಮಾತಾಡಿದೆವು. ಒಂಬತ್ತೂ ಜನ ಹೆಚ್ಚುಕಮ್ಮಿ ಹೇಳಿದ್ದು ಒಂದೇ: ಅಭಿವೃದ್ಧಿಯೂ ಬೇಕು, ಪರಂಪರೆಯೂ ಬೇಕು, ಬ್ಯಾಲೆನ್ಸ್ ಮಾಡಬೇಕು. ಇದನ್ನು ಒಂಬತ್ತು ಥರದ ಇಂಗ್ಲಿಷಿನಲ್ಲಿ ಹೇಳಿದೆವು ಅಷ್ಟೆ. ಹತ್ತನೆಯವಳು ಕೋಟದ ಹುಡುಗಿ. ಬಾಯಿ ಬಿಡಲಿಲ್ಲ. ಟ್ರೇನರ್ ಒಂಬತ್ತು ಜನರಿಗೆ ‘ಗುಡ್’ ಅಂತ ಬರೆದರು, ಅವಳ ಹೆಸರಿನ ಮುಂದೆ ‘ನೀಡ್ಸ್ ಇಂಪ್ರೂವ್‌ಮೆಂಟ್’.

ಆಮೇಲೆ ಕ್ಯಾಂಟೀನಿನಲ್ಲಿ ಚಾ ಕುಡಿಯುತ್ತಾ ಅವಳು ಮಾತಾಡಿದ್ದನ್ನು ನೀವು ಕೇಳಬೇಕಿತ್ತು. ಅವರ ಮನೆಯಿಂದ ಹೈವೇಗೆ ನಡೆದುಹೋಗುವಷ್ಟೇ ದೂರ. ರಸ್ತೆ ನಾಲ್ಕು ಪಥ ಆಗುವಾಗ ಯಾವ ಅಂಗಡಿ ಹೋಯಿತು, ಯಾರಿಗೆ ಪರಿಹಾರ ಸಿಕ್ಕಿತು, ಯಾರಿಗೆ ಸಿಕ್ಕಲಿಲ್ಲ, ಯಾವ ಅಶ್ವತ್ಥಮರದ ಬುಡದಲ್ಲಿ ಬಸ್ಸಿಗೆ ಕಾಯುತ್ತಿದ್ದರು, ಈಗ ಶಾಲೆಯ ಮಕ್ಕಳು ರಸ್ತೆ ದಾಟಲು ಎಷ್ಟು ಸುತ್ತಿಬರಬೇಕು, ಎಲ್ಲ ಇಪ್ಪತ್ತು ನಿಮಿಷ ಅಚ್ಚ ಕುಂದಾಪ್ರ ಕನ್ನಡದಲ್ಲಿ ಹೇಳಿದಳು. ‘ಮತ್ತೆ ಅಲ್ಲಿ ಯಾಕೆ ಸುಮ್ಮನಿದ್ದೆ ಮರಾಯ್ತಿ’ ಅಂದಿದ್ದಕ್ಕೆ, ‘ನಂಗ್ ಎಲ್ಲ ಗೊತ್ತಿತ್ತ್. ಇಂಗ್ಲಿಷಂಗೆ ಹ್ಯಾಂಗ್ ಹೇಳುದ್ ಅಂದೇಳಿ ಗೊತ್ತಾಯ್ಲ’ ಅಂದಳು.

ಅವಳಿಗೆ ಬೇಕಿದ್ದದ್ದು ಇಂಗ್ಲಿಷ್. ಸರಿ, ಒಪ್ಪೋಣ. ನಮಗೆ ಒಂಬತ್ತು ಜನರಿಗೆ ಬೇಕಿದ್ದದ್ದು ಏನು? ಅದನ್ನು ಆ ಟ್ರೇನಿಂಗಿನಲ್ಲಿ ಯಾರೂ ಕೇಳಲಿಲ್ಲ. ನಮಗೆ ಹೇಳಲು ಏನೂ ಇರಲಿಲ್ಲ ಅನ್ನುವುದು ಒಂದು ಕೊರತೆ ಅಂತಲೇ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ.

ಅವಳ ಅಜ್ಜಯ್ಯ ರಿಟೈರ್ಡ್ ಹೈಸ್ಕೂಲ್ ಮಾಸ್ಟ್ರು ಅಂತ ಗೊತ್ತಾದದ್ದು ಅದೇ ದಿನ. ಕಲಿಸುತ್ತಿದ್ದದ್ದು ಇತಿಹಾಸ ಮತ್ತು ಇಂಗ್ಲಿಷ್. ಎರಡೂ ಒಬ್ಬರೇ. ನಮ್ಮಲ್ಲಿ ಹಾಸನ, ಹುಬ್ಬಳ್ಳಿ, ರಾಯಚೂರು ಕಡೆಯವರಿಗೆ ಇದು ಹೊಸದೇನಲ್ಲ. ಸರ್ಕಾರಿ ಹೈಸ್ಕೂಲಿನಲ್ಲಿ ಓದಿದವರಿಗೆಲ್ಲ ‘ಕಲಾ ಶಿಕ್ಷಕರು’ ಅನ್ನುವ ಹುದ್ದೆ ಗೊತ್ತು. ಪಿಸಿಎಂ ಮಾಸ್ಟ್ರು ಗಣಿತ, ವಿಜ್ಞಾನ ಮಾಡುವ ಹಾಗೆ ಆರ್ಟ್ಸ್ ಮಾಸ್ಟ್ರು ಸಮಾಜದ ಜತೆ ಒಂದು ಭಾಷೆಯನ್ನೂ ಎಳೆಯುತ್ತಾರೆ. ನಾವು ಇದನ್ನು ಯಾವಾಗಲೂ ಮಾಸ್ಟ್ರು ಸಾಲದೆ ಮಾಡಿಕೊಂಡ ಅಡ್ಜಸ್ಟ್‌ಮೆಂಟ್ ಅಂತಲೇ ತಿಳಿದಿದ್ದೆವು. ದಸರಾ ರಜೆಯಲ್ಲಿ ನಾವು ಆರು ಜನ ಕೋಟಕ್ಕೆ ಹೋಗಿ ಬಂದ ಮೇಲೆ ಹಾಗೆ ಅನ್ನಿಸುತ್ತಿಲ್ಲ. ಅದಕ್ಕೇ ಈ ಬರಹ.

ಹೋದದ್ದು ಕೋಟತಟ್ಟಿನ ಕಾರಂತ ಥೀಮ್ ಪಾರ್ಕ್ ನೋಡಲು. ಶಿವರಾಮ ಕಾರಂತರು 1902ರ ಅಕ್ಟೋಬರ್ 10ರಂದು ಹುಟ್ಟಿದ್ದು ಕೋಟದಲ್ಲಿ, ಕನ್ನಡ ಕ್ಲಬ್ಬಿನವರು ಅಂತ ಹೇಳಿಕೊಂಡು ತಿರುಗುವವರು ಒಮ್ಮೆಯಾದರೂ ಹೋಗದಿದ್ದರೆ ಮರ್ಯಾದೆಯಲ್ಲ ಅಂತ. ಮಧ್ಯಾಹ್ನ ಪಡುಕರೆ ಕಡೆ ಅವಳ ಮನೆಗೆ ಹೋದೆವು. ಅಜ್ಜಯ್ಯ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ‘ಹ್ವಾಯ್, ಬನಿ ಬನಿ, ಕೂಕಣಿ’ ಅಂದರು. ಎಂತ ಓದುವುದು ಅಂತ ಕೇಳಿದರು. ಕಂಪ್ಯೂಟರ್ ಸೈನ್ಸ್, ಮೆಕ್ಯಾನಿಕಲ್, ಸಿವಿಲ್ ಅಂತ ಒಬ್ಬೊಬ್ಬರೇ ಹೇಳಿದೆವು. ‘ಹಾಗಾದ್ರೆ ಹಿಸ್ಟರಿ ಬಿಟ್ಟು ಎಷ್ಟು ವರ್ಷ ಆಯ್ತು?’ ಅಂತ ಮುಂದಿನ ಪ್ರಶ್ನೆ. ಲೆಕ್ಕ ಹಾಕಿದರೆ ಎಲ್ಲರದ್ದೂ ಒಂದೇ ಉತ್ತರ: ಹತ್ತನೇ ಕ್ಲಾಸಿನ ಪರೀಕ್ಷೆಯ ದಿನ ಬಿಟ್ಟದ್ದು.

ಅವರು ಪಾಠ ಮಾಡುತ್ತಿದ್ದ ರೀತಿಯನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ. ಟೈಮ್‌ಟೇಬಲ್ಲಿನಲ್ಲಿ ಇಂಗ್ಲಿಷ್ ಮತ್ತು ಸಮಾಜ ಬೆನ್ನಿಗೆ ಬೆನ್ನು ಬರುವಂತೆ ಕೇಳಿ ಹಾಕಿಸಿಕೊಳ್ಳುತ್ತಿದ್ದರಂತೆ. ಇಂಗ್ಲಿಷಿನಲ್ಲಿ ಪಾಸ್ಟ್ ಟೆನ್ಸ್ ಬಂದ ವಾರ ಇತಿಹಾಸದ ಪಾಠದಿಂದಲೇ ವಾಕ್ಯ. ಪಾಸ್ಟ್ ಪರ್ಫೆಕ್ಟ್ ನಮಗೆ ಇವತ್ತಿಗೂ ಗೊಂದಲ, ನಿಜ ಹೇಳಬೇಕೆಂದರೆ. ಅವರು ಅದನ್ನು ಎರಡೇ ಘಟನೆ ಹಿಡಿದು ಹೇಳಿದರು: ಬಸ್ರೂರಿಗೆ ಶಿವಾಜಿಯ ಹಡಗುಗಳು ಬಂದದ್ದು 1665ರಲ್ಲಿ, ಪೋರ್ಚುಗೀಸರು ಅಷ್ಟು ಹೊತ್ತಿಗೆ ಈ ಕರಾವಳಿಗೆ ಬಂದು ಆಗಿತ್ತು. ‘ಬಂದರು’ ಒಂದು ಟೆನ್ಸು, ‘ಬಂದು ಆಗಿತ್ತು’ ಇನ್ನೊಂದು ಟೆನ್ಸು. ಯಾವುದು ಮೊದಲು ನಡೆಯಿತು ಅಂತ ಗೊತ್ತಿಲ್ಲದವನಿಗೆ ಈ ವ್ಯಾಕರಣ ಹೇಳಿಕೊಟ್ಟು ಏನು ಪ್ರಯೋಜನ ಅಂತ ಅವರ ವಾದ. ಹನ್ನೆರಡು ವರ್ಷ ಇಂಗ್ಲಿಷ್ ಕಲಿತ ನಮಗೆ ಇದು ಜಗಲಿಯಲ್ಲಿ ಐದು ನಿಮಿಷದಲ್ಲಿ ಅರ್ಥವಾಯಿತು.

ಅದಕ್ಕಿಂತ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಪ್ಯಾಸಿವ್ ವಾಯ್ಸ್. ಆ್ಯಕ್ಟಿವನ್ನು ಪ್ಯಾಸಿವ್ ಮಾಡಿ, ಪ್ಯಾಸಿವನ್ನು ಆ್ಯಕ್ಟಿವ್ ಮಾಡಿ, ತಲಾ ಒಂದು ಮಾರ್ಕು. ನಮಗೆ ಅದು ಅಷ್ಟೆ. ಅಜ್ಜಯ್ಯ ಇತಿಹಾಸದ ಪುಸ್ತಕದಿಂದಲೇ ಪ್ಯಾಸಿವ್ ವಾಕ್ಯ ಎತ್ತಿಕೊಡುತ್ತಿದ್ದರು. ‘ಕಂದಾಯ ಹೆಚ್ಚಿಸಲಾಯಿತು.’ ‘ದಂಗೆಯನ್ನು ಅಡಗಿಸಲಾಯಿತು.’ ಈಗ ಇದನ್ನು ಆ್ಯಕ್ಟಿವ್ ಮಾಡಿ. ಮಾಡಬೇಕಾದರೆ ಕರ್ತೃ ಬೇಕು. ‘ಅದ್ ಮಾಡದ್ ಯಾರ್ ಅಂದೇಳಿ ಹೇಳಿ ಕಾಂಬ?’ ಅಂತ ಕೇಳುವುದಂತೆ. ಪುಸ್ತಕದಲ್ಲಿ ಇರುವುದಿಲ್ಲ. ಹುಡುಗರು ಹುಡುಕಬೇಕು. ಹುಡುಕುತ್ತಾ ಹೋದರೆ 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಕಂಪನಿಯ ಕೈಗೆ ಹೋದದ್ದು, ಥಾಮಸ್ ಮನ್ರೋ ಕಲೆಕ್ಟರಾಗಿ ಬಂದದ್ದು, 1830-31ರಲ್ಲಿ ಕಂದಾಯದ ಭಾರ ತಡೆಯಲಾರದೆ ರೈತರು ‘ಕೂಟ’ಗಳನ್ನು ಕಟ್ಟಿ ತೆರಿಗೆ ಕೊಡುವುದಿಲ್ಲ ಅಂದದ್ದು, ಎಲ್ಲ ಹೊರಗೆ ಬರುತ್ತದೆ. ಒಂದು ಮಾರ್ಕಿನ ವ್ಯಾಕರಣದ ಪ್ರಶ್ನೆ ಜಿಲ್ಲೆಯ ಇತಿಹಾಸಕ್ಕೆ ಬಾಗಿಲು ಆಗುತ್ತಿತ್ತು.

ನಾವು ಎಂಜಿನಿಯರಿಂಗಿನವರು ಇದನ್ನು ಕೇಳಿ ಮುಖ ಮುಖ ನೋಡಿಕೊಂಡೆವು. ಯಾಕೆಂದರೆ ನಮ್ಮ ಲ್ಯಾಬ್ ರೆಕಾರ್ಡು, ಪ್ರಾಜೆಕ್ಟ್ ರಿಪೋರ್ಟು ಎಲ್ಲ ಪ್ಯಾಸಿವೇ. ರೀಡಿಂಗ್ ತೆಗೆದುಕೊಳ್ಳಲಾಯಿತು, ವ್ಯಾಲ್ಯೂ ಲೆಕ್ಕ ಹಾಕಲಾಯಿತು. ಯಾರು ತೆಗೆದುಕೊಂಡರು? ಎಷ್ಟೋ ಸಲ ಯಾರೂ ಅಲ್ಲ. ಸೀನಿಯರ್ ರೆಕಾರ್ಡಿನಿಂದ ಇಳಿಸಲಾಯಿತು. ನಾಳೆ ಸೇತುವೆಯೋ ಕಟ್ಟಡವೋ ಬಿದ್ದಾಗ ಬರುವ ವರದಿಗಳೂ ಇದೇ ಧಾಟಿಯಲ್ಲಿ ಇರುತ್ತವೆ: ನಿರ್ಲಕ್ಷ್ಯ ವಹಿಸಲಾಗಿದೆ. ವಹಿಸಿದವರು ವಾಕ್ಯದಲ್ಲಿ ಇಲ್ಲ. ಇದು ಬರೀ ವ್ಯಾಕರಣದ ವಿಷಯವಲ್ಲ ಅಂತ ನಮಗೆ ಹೇಳಿಕೊಟ್ಟದ್ದು ಟೆಕ್ನಿಕಲ್ ರೈಟಿಂಗ್ ಕ್ಲಾಸು ಅಲ್ಲ, ಹಳೇ ಹೈಸ್ಕೂಲಿನ ಒಬ್ಬ ಮಾಸ್ಟ್ರು.

ಇನ್ನೊಂದು ಅಭ್ಯಾಸ ಅವರದ್ದು: ವರ್ಷಕ್ಕೊಮ್ಮೆ ಮಕ್ಕಳನ್ನು ಬಾರಕೂರಿಗೆ ಕರೆದುಕೊಂಡು ಹೋಗುವುದು, ಬಂದ ಮೇಲೆ ನೋಡಿದ್ದನ್ನು ಹತ್ತು ಇಂಗ್ಲಿಷ್ ವಾಕ್ಯದಲ್ಲಿ ಬರೆಸುವುದು. ‘ಬ್ಯೂಟಿಫುಲ್’ ಅನ್ನುವ ಪದ ಬಳಸಿದರೆ ಒಂದು ಮಾರ್ಕು ಕಟ್. ಎಷ್ಟು ಕಂಬ, ಯಾವ ಕಲ್ಲು, ಶಾಸನ ಎಲ್ಲಿ ನಿಂತಿದೆ, ಅದರ ಮೇಲೆ ಏನು ಕೆತ್ತಿದೆ, ಅಷ್ಟನ್ನು ಬರೆಯಬೇಕು. ನಮ್ಮ ಸಿವಿಲ್ ಗೆಳೆಯ, ‘ಇದು ಸೈಟ್ ಇನ್‌ಸ್ಪೆಕ್ಷನ್ ರಿಪೋರ್ಟು ಕಣ್ರೋ’ ಅಂದ. ಹೌದು, ಅದೇ.

ಈ ಊರಿನ ಸುತ್ತ ಇತಿಹಾಸಕ್ಕೇನು ಬರಗಾಲವಿಲ್ಲ. ಕೋಟದ ಪಕ್ಕದ ವಡ್ಡರ್ಸೆಯಲ್ಲಿ ಆಳುಪರ ಕಾಲದ ಕನ್ನಡ ಶಾಸನವಿದೆ, 7ನೇ ಶತಮಾನದ್ದೆಂದು ವಿದ್ವಾಂಸರು ಹೇಳುತ್ತಾರೆ. ಬಾರಕೂರು ಆಳುಪರಿಗೆ ರಾಜಧಾನಿಯಾಗಿತ್ತು, ವಿಜಯನಗರದ ಕಾಲದಲ್ಲಿ ಒಂದು ಪ್ರಾಂತ್ಯದ ಮುಖ್ಯಪಟ್ಟಣ. 14ನೇ ಶತಮಾನದಲ್ಲಿ ಮೊರಾಕ್ಕೊದ ಇಬ್ನ್ ಬತೂತ ಈ ಕರಾವಳಿಯಲ್ಲಿ ಹೋದವನು ಬಾರಕೂರನ್ನು ‘ಫಾಕನೂರ್’ ಅಂತ ಕರೆದು ಬರೆದಿದ್ದಾನೆ. ಅಲ್ಲಿ ಒಳ್ಳೆಯ ಕಬ್ಬು ಬೆಳೆಯುತ್ತದೆ ಅಂದಿದ್ದಾನೆ. ಅಲ್ಲಿಯ ಅರಸನ ಹತ್ತಿರ ಸುಮಾರು ಮೂವತ್ತು ಯುದ್ಧದ ಹಡಗುಗಳಿದ್ದವಂತೆ. ದಾಟಿಹೋಗುವ ಹಡಗುಗಳೆಲ್ಲ ಅಲ್ಲಿ ನಿಂತು ಬಂದರಿನ ಹಕ್ಕು ಅಂತ ಕಾಣಿಕೆ ಕೊಟ್ಟೇ ಮುಂದೆ ಹೋಗಬೇಕು, ಕೊಡದೆ ಹೋದರೆ ಬೆನ್ನಟ್ಟಿ ಹಿಡಿಯುತ್ತಾರೆ. ಇದನ್ನು ಅಜ್ಜಯ್ಯ ಹೇಳಿದಾಗ ನಮ್ಮಲ್ಲೊಬ್ಬ ಥಟ್ಟನೆ ‘ಸಾಸ್ತಾನ ಟೋಲ್‌ಗೇಟು!’ ಅಂದ. ಬೆಳಿಗ್ಗೆಯಷ್ಟೇ ಅದನ್ನು ದಾಟಿ ಬಂದಿದ್ದೆವು. ಅಜ್ಜಯ್ಯ ನಕ್ಕದ್ದು ನೋಡಬೇಕಿತ್ತು. ನಮ್ಮ ಕೋಟದ ಗೆಳತಿ ಅಂದಳು, ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಜಿಡಿಯಲ್ಲಿ ಇದೊಂದನ್ನಾದರೂ ಹೇಳುತ್ತಿದ್ದೆ ಅಂತ. ಮನೆಯಲ್ಲೇ ಇದ್ದ ವಿಷಯ. ಅಜ್ಜಯ್ಯನ ಹತ್ತಿರ ಅವಳು ಯಾವತ್ತೂ ಕೇಳಿರಲಿಲ್ಲ, ಏಕೆಂದರೆ ಅವಳು ಸೈನ್ಸ್ ತಗೊಂಡವಳು.

ಹಾಗಂತ ಹಳೆಯ ಹೈಸ್ಕೂಲನ್ನು ಅಟ್ಟಕ್ಕೇರಿಸುವ ಉದ್ದೇಶ ನಮಗಿಲ್ಲ. ವಾಟ್ಸಪ್ಪಿನಲ್ಲಿ ಬರುತ್ತವಲ್ಲ, ‘ಆ ಕಾಲವೇ ಚಂದ’ ಅಂತ, ಅಂಥದ್ದು ಬೇಡ. ಈ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಕಾರಂತರು ಕುಂದಾಪುರದ ಬೋರ್ಡ್ ಹೈಸ್ಕೂಲಿನಲ್ಲಿ ಓದುವ ಕಾಲಕ್ಕೆ ಹೈಸ್ಕೂಲು ಅಂದರೆ ಇಂಗ್ಲಿಷು. ಫಸ್ಟ್ ಫಾರಂ, ಸೆಕೆಂಡ್ ಫಾರಂ ಅಂತ ಲೆಕ್ಕ. ಇತಿಹಾಸ ಅಂದರೆ ಇಂಗ್ಲೆಂಡಿನ ರಾಜರಾಣಿಯರೂ ಸೇರಿದ ಇತಿಹಾಸ. ಊರಿನಲ್ಲಿ ಹೈಸ್ಕೂಲು ಇಲ್ಲದವರು ಕುಂದಾಪುರಕ್ಕೋ ಉಡುಪಿಗೋ ಹೋಗಿ ಯಾರದೋ ಮನೆಯಲ್ಲಿ ಉಳಿದು ಓದಬೇಕು. ಅದು ಎಷ್ಟು ಜನರಿಗೆ ಸಾಧ್ಯ? ಹೊಳೆ ದಾಟಿ ಬರಬೇಕಾದ ಮೊಗವೀರರ ಮಕ್ಕಳು, ಗೇಣಿದಾರರ ಮಕ್ಕಳು, ಹೆಣ್ಣುಮಕ್ಕಳು ಎಷ್ಟು ಜನ ಆ ಬೆಂಚಿನಲ್ಲಿ ಕೂತರು?

ಕಾರಂತರ ‘ಮರಳಿ ಮಣ್ಣಿಗೆ’ ಓದಿದವರಿಗೆ ಲಚ್ಚ ನೆನಪಿರಬೇಕು. ಕೋಟದ ಪಕ್ಕದ ಕೋಡಿಯ ಕಥೆ. ರಾಮ ಐತಾಳರು ಮಗ ಇಂಗ್ಲಿಷ್ ಕಲಿತು ದೊಡ್ಡ ಮನುಷ್ಯನಾಗಲಿ ಅಂತ ಕುಂದಾಪುರಕ್ಕೆ ಕಳಿಸುತ್ತಾರೆ. ಅವನು ಕಲಿತದ್ದು ಏನು, ಕಳೆದುಕೊಂಡದ್ದು ಏನು ಅಂತ ಕಾದಂಬರಿ ಓದಿಯೇ ತಿಳಿಯಬೇಕು, ಇಲ್ಲಿ ಹೇಳಿ ಹಾಳು ಮಾಡುವುದಿಲ್ಲ. ಆದರೆ ಊರಿನ ಮಣ್ಣು, ಹೊಳೆ, ಮನೆಯ ಹೆಂಗಸರ ದುಡಿಮೆ ಯಾವುದೂ ಲೆಕ್ಕಕ್ಕೆ ಬಾರದ ಒಂದು ವಿದ್ಯೆ ಹೇಗಿರುತ್ತದೆ ಅಂತ ಕಾರಂತರಷ್ಟು ಖಡಕ್ಕಾಗಿ ಯಾರೂ ಬರೆದಿಲ್ಲ ಅಂತ ನಮ್ಮ ಅಭಿಪ್ರಾಯ. ಸ್ವತಃ ಅವರು ಗಾಂಧೀಜಿಯ ಅಸಹಕಾರ ಚಳವಳಿಯ ಕರೆ ಬಂದಾಗ ಮಂಗಳೂರಿನ ಸರ್ಕಾರಿ ಕಾಲೇಜು ಬಿಟ್ಟವರು. ಆಮೇಲೆ ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಬೇರೆ ಥರ ಕಲಿಸಬಹುದಾ ಅಂತ ಪ್ರಯೋಗ ಮಾಡಿದರು, ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಬರೆದರು, ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’. ಕಾಲೇಜು ಬಿಟ್ಟವರು ಓದು ಬಿಡಲಿಲ್ಲ. ಇಂಗ್ಲಿಷೂ ಬಿಡಲಿಲ್ಲ, ವಿಜ್ಞಾನವನ್ನು ಕನ್ನಡಕ್ಕೆ ತರಲು ಅದೇ ಏಣಿ ಆಗಿತ್ತಲ್ಲ.

ನಮ್ಮ ಕ್ಲಬ್ಬಿನ ಬಗ್ಗೆಯೂ ಇಲ್ಲೊಂದು ಮಾತು. ಪ್ರತಿ ನವೆಂಬರಿನಲ್ಲಿ ಕ್ವಿಜ್ ಮಾಡುತ್ತೇವೆ. ಕಾರಂತರಿಗೆ ಜ್ಞಾನಪೀಠ ಬಂದ ವರ್ಷ ಯಾವುದು? 1977. ಯಾವ ಕೃತಿಗೆ? ‘ಮೂಕಜ್ಜಿಯ ಕನಸುಗಳು’. ಚಪ್ಪಾಳೆ, ಬಹುಮಾನ, ಆಮೇಲೆ ಡಿಜೆ. ಮೂಕಜ್ಜಿ ಏನು ಕನಸು ಕಂಡಳು ಅಂತ ಕೇಳಿದರೆ ಕ್ವಿಜ್ ಮಾಸ್ಟರನಿಗೂ ಗೊತ್ತಿಲ್ಲ. ಇಸವಿ ಬಾಯಿಪಾಠ ಮಾಡಿಸುತ್ತಿದ್ದ ಹಳೇ ಹೈಸ್ಕೂಲಿನ ಕೆಟ್ಟ ಅರ್ಧವನ್ನು ನಾವು ಉಳಿಸಿಕೊಂಡಿದ್ದೇವೆ, ಒಳ್ಳೆಯ ಅರ್ಧ ನಮಗೆ ಸಿಗಲೇ ಇಲ್ಲ.

ಅಜ್ಜಯ್ಯನೂ ಆ ಕೆಟ್ಟ ಅರ್ಧವನ್ನು ಮುಚ್ಚಿಡಲಿಲ್ಲ. ‘ನಾನೂ ಬೆತ್ತ ಹಿಡಿದವನೇ’ ಅಂದರು. ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆಯುವವರು ಹೆಚ್ಚಾಗಿ ಇಂಗ್ಲಿಷಿನಲ್ಲೇ. ರಿಸಲ್ಟ್ ಬಂದ ವಾರ ಬೊಂಬಾಯಿ ಬಸ್ಸು ಹತ್ತುವ ಹುಡುಗರು ಇರುತ್ತಿದ್ದರು, ಹೋಟೆಲ್ ಕೆಲಸಕ್ಕೆ. ಅವರಲ್ಲಿ ಕೆಲವರ ಮುಖ ಈಗಲೂ ನೆನಪಾಗುತ್ತದೆ ಅಂದರು, ಮತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹೋಟೆಲಿಗೆ ಹೋದವರ ಕಥೆ ಈ ಊರಿನಲ್ಲಿ ಎಲ್ಲ ಮನೆಯಲ್ಲೂ ಇದೆ. ಬೆಂಗಳೂರಿನ ಎಂಟಿಆರ್ ಶುರುವಾದದ್ದು 1924ರಲ್ಲಿ. ಕಟ್ಟಿದವರು ಇಲ್ಲೇ ಹತ್ತಿರದ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರು ಮತ್ತು ಅವರ ಸಹೋದರರು. ಆದರೆ ಎಲ್ಲರೂ ಮಯ್ಯರಾಗುವುದಿಲ್ಲವಲ್ಲ. ಹೆಚ್ಚಿನವರು ಕ್ಲೀನರ್, ಸಪ್ಲಾಯರ್ ಆಗಿಯೇ ಉಳಿದರು. ನಮಗೆ ಇಲ್ಲಿ ಹೇಳಬೇಕೆನಿಸಿದ್ದು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ. ಹಗಲೆಲ್ಲ ಟೇಬಲ್ ಒರೆಸಿದ ಹುಡುಗರು ರಾತ್ರಿ ಬೆಂಚಿನ ಮೇಲೆ ಕೂತು ಅದೇ ಹೈಸ್ಕೂಲ್ ಪಾಠ ಓದುತ್ತಿದ್ದರು: ಇಂಗ್ಲಿಷ್, ಗಣಿತ, ಇತಿಹಾಸ. ಅಲ್ಲಿ ಓದಿ ಬ್ಯಾಂಕಿಗೆ, ಕಚೇರಿಗೆ ಸೇರಿದವರು, ವಕೀಲರಾದವರು ಇದ್ದಾರೆ. ಎಂಟು ಗಂಟೆ ಕೆಲಸ ಮಾಡಿ ಬಂದವನಿಗೆ ಇತಿಹಾಸ ಯಾಕೆ ಬೇಕಿತ್ತು? ಪರೀಕ್ಷೆಯಲ್ಲಿ ಇತ್ತು ಅದಕ್ಕೆ, ಅಂತ ನಮ್ಮ ಖಜಾಂಚಿ ಹೇಳುತ್ತಾನೆ. ಇರಬಹುದು. ಆದರೆ ಇಂಗ್ಲಿಷ್ ಬಾರದೆ ಊರು ಬಿಟ್ಟವನು ಮತ್ತೆ ಅದೇ ಇಂಗ್ಲಿಷಿನ ಎದುರು ರಾತ್ರಿ ಹೋಗಿ ಕೂತದ್ದು ಮಾರ್ಕಿಗಾಗಿ ಮಾತ್ರ ಅಂತ ನಮಗನಿಸುವುದಿಲ್ಲ.

ಈಗ ನಮ್ಮ ಸಿಲಬಸ್ಸಿಗೆ ಬರೋಣ. ವಿಟಿಯುನಲ್ಲಿ ಕನ್ನಡ ಒಂದು ಕ್ರೆಡಿಟ್ಟು. ಬಲ್ಲವರಿಗೆ ಸಾಂಸ್ಕೃತಿಕ ಕನ್ನಡ, ಹೊರಗಿನವರಿಗೆ ಬಳಕೆ ಕನ್ನಡ. ಸಂವಿಧಾನ ಒಂದು ಕ್ರೆಡಿಟ್ಟು. ಕಮ್ಯುನಿಕೇಟಿವ್ ಇಂಗ್ಲಿಷ್ ಒಂದು ಕ್ರೆಡಿಟ್ಟು. ಬೇರೆ ಬೇರೆ ಸೆಮ್ಮು, ಬೇರೆ ಬೇರೆ ಫ್ಯಾಕಲ್ಟಿ, ಒಂದಕ್ಕೊಂದು ಪರಿಚಯವೇ ಇಲ್ಲ. ಪರೀಕ್ಷೆ ಅಂದರೆ ನಾಲ್ಕು ಆಯ್ಕೆಯಲ್ಲಿ ಒಂದಕ್ಕೆ ಗುರುತು. ಇಂಗ್ಲಿಷ್ ಪರೀಕ್ಷೆಯಲ್ಲಿ ಒಂದು ಪೂರ್ತಿ ಪ್ಯಾರಾ ಬರೆಯದೆ ಪಾಸಾಗಬಹುದು ಅನ್ನುವುದನ್ನು ಅಜ್ಜಯ್ಯನಿಗೆ ನಂಬಿಸಲು ನಮಗೆ ಸಾಕುಸಾಕಾಯಿತು. ಮೂರು ಕ್ರೆಡಿಟ್ಟು ಇದೆ. ಸೇರಿಸಿದರೆ ಒಂದು ಒಳ್ಳೆಯ ಪೇಪರ್ ಆಗುತ್ತದೆ. ಸಂವಿಧಾನ ಸಭೆಯ ಚರ್ಚೆಗಳು ಇಂಗ್ಲಿಷಿನಲ್ಲಿ ಪೂರ್ತಿ ಲಭ್ಯ ಇವೆ. ಅದರ ಎರಡು ಪುಟ ಓದಿಸಿ, ಒಬ್ಬ ಸದಸ್ಯರು ಏನು ವಾದಿಸಿದರು, ಇನ್ನೊಬ್ಬರು ಹೇಗೆ ಉತ್ತರ ಕೊಟ್ಟರು ಅಂತ ನೋಡಿದರೆ ಅದೇ ಗ್ರೂಪ್ ಡಿಸ್ಕಶನ್ ಅಲ್ಲವಾ? ಅದಕ್ಕಿಂತ ಒಳ್ಳೆಯ ಜಿಡಿ ಸ್ಯಾಂಪಲ್ ಯಾವ ಟ್ರೇನರ್ ಹತ್ತಿರ ಇದೆ?

ಇದು ನಮ್ಮ ತಲೆಯಿಂದ ಉದುರಿದ ಐಡಿಯಾ ಏನಲ್ಲ. 1892ರಲ್ಲಿ ಅಮೆರಿಕದಲ್ಲಿ ಹೈಸ್ಕೂಲಿನಲ್ಲಿ ಏನು ಕಲಿಸಬೇಕು ಅಂತ ನೋಡಲು ಹತ್ತು ಜನರ ಸಮಿತಿ ಮಾಡಿದ್ದರು, ಹಾರ್ವರ್ಡಿನ ಚಾರ್ಲ್ಸ್ ಎಲಿಯಟ್ ಅಧ್ಯಕ್ಷರು. ಕಾಲೇಜಿಗೆ ಹೋಗುವ ಮಕ್ಕಳಿಗೊಂದು ಪಾಠ, ಕೆಲಸಕ್ಕೆ ಹೋಗುವವರಿಗೊಂದು ಪಾಠ ಅಂತ ಬೇರೆ ಮಾಡಬೇಡಿ, ವಿಷಯ ಯಾವುದಾದರೂ ಎಲ್ಲರಿಗೂ ಒಂದೇ ರೀತಿ ಕಲಿಸಿ ಅಂದರು ಅವರು. ಇತಿಹಾಸದ ಉಪಸಮಿತಿಯಲ್ಲಿ ಮುಂದೆ ಅಧ್ಯಕ್ಷರಾದ ವುಡ್ರೊ ವಿಲ್ಸನ್ ಇದ್ದರು. ಇತಿಹಾಸ ಬೇಕಾದದ್ದು ಯಾರಿಗೆ ಅನ್ನುವ ಜಗಳ ಅಲ್ಲೂ ಆಗಿದೆ, ನೂರಮೂವತ್ತು ವರ್ಷದ ಹಿಂದೆಯೇ.

ಇಲ್ಲಿ ಒಬ್ಬ ಓದುಗನ ತಕರಾರು ನಮಗೆ ಈಗಲೇ ಕೇಳಿಸುತ್ತಿದೆ: ಕನ್ನಡ ಕ್ಲಬ್ಬಿನವರು ಇಂಗ್ಲಿಷ್ ಬೇಕು ಅಂತ ಬರೆಯುವುದಾ? ಹೌದು. ಕನ್ನಡದ ನವೋದಯಕ್ಕೆ ದಾರಿ ಮಾಡಿದ ಬಿ.ಎಂ.ಶ್ರೀ. ಇಂಗ್ಲಿಷ್ ಪ್ರೊಫೆಸರು. ನವ್ಯ ಕಾವ್ಯದ ಗೋಪಾಲಕೃಷ್ಣ ಅಡಿಗರು ಇದೇ ಬೈಂದೂರು ಕಡೆಯ ಮೊಗೇರಿಯವರು, ಕಾಲೇಜಿನಲ್ಲಿ ಕಲಿಸಿದ್ದು ಇಂಗ್ಲಿಷ್. ಅನಂತಮೂರ್ತಿ, ಲಂಕೇಶ್ ಇಬ್ಬರೂ ಇಂಗ್ಲಿಷ್ ಮೇಷ್ಟ್ರುಗಳೇ. ಇವರಾರೂ ಇಂಗ್ಲಿಷನ್ನು ಸ್ಕಿಲ್ ಅಂತ ಕಲಿಸಲಿಲ್ಲ. ಇಂಗ್ಲಿಷಿನಲ್ಲಿ ಏನೋ ಓದಿಸಿದರು. ಇತಿಹಾಸದ ಕಡೆ ನೋಡಿದರೆ ಪಾದೂರು ಗುರುರಾಜ ಭಟ್ಟರು. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು, ತುಳುನಾಡಿನ ಊರೂರು ತಿರುಗಿ ದೇವಸ್ಥಾನ, ವಿಗ್ರಹ, ಶಾಸನಗಳನ್ನು ನೋಡಿ, ಫೋಟೋ ತೆಗೆದು, 1975ರಲ್ಲಿ ತುಳುವ ಇತಿಹಾಸ ಮತ್ತು ಸಂಸ್ಕೃತಿಯ ಮೇಲೆ ದೊಡ್ಡ ಗ್ರಂಥ ತಂದರು. ಬರೆದದ್ದು ಇಂಗ್ಲಿಷಿನಲ್ಲಿ. ಊರಿನ ಗುಡಿಯ ವಿಷಯ, ಪ್ರಪಂಚದ ಯಾವ ವಿದ್ವಾಂಸ ಬೇಕಾದರೂ ಓದುವ ಭಾಷೆ. ನಮ್ಮ ಗೆಳತಿಗೆ ಬೇಕಿದ್ದದ್ದು ಇಂಥ ಇಂಗ್ಲಿಷು. ಟ್ರೇನಿಂಗಿನಲ್ಲಿ ಸಿಕ್ಕಿದ್ದು ‘ಕನ್ನಡದಲ್ಲಿ ಯೋಚನೆ ಮಾಡುವುದನ್ನು ಬಿಡಿ’ ಅನ್ನುವ ಸಲಹೆ. ಅವಳು ಯೋಚನೆ ಮಾಡಿದ್ದಳು ಅನ್ನುವುದೇ ಆ ಕೋಣೆಯಲ್ಲಿ ಅವಳ ಹೆಚ್ಚುಗಾರಿಕೆ ಆಗಿತ್ತು. ಬಿಟ್ಟಿದ್ದರೆ ಅವಳೂ ಹತ್ತನೇ ‘ಬ್ಯಾಲೆನ್ಸ್’ ಆಗುತ್ತಿದ್ದಳು.

ಖಜಾಂಚಿಯ ಇನ್ನೊಂದು ಪ್ರಶ್ನೆ ಬಾಕಿ ಇದೆ. ‘ಇದೆಲ್ಲ ಗೇಟ್ ಪರೀಕ್ಷೆಗೆ ಬರ್ತದಾ?’ ಬರುವುದಿಲ್ಲ. ಕ್ಯಾಂಪಸ್ಸಿನಲ್ಲಿ ಪ್ಯಾಕೇಜ್ ಹೆಚ್ಚಾಗುವುದಾ? ಅದನ್ನೂ ನಾವು ಮಾತು ಕೊಡುವುದಿಲ್ಲ. ಅವನಿಗೆ ನಾವು ಹೇಳಿದ್ದು ಇಷ್ಟೆ: ನಾಲ್ಕು ವರ್ಷದಲ್ಲಿ ನಾವು ಕೋಡ್ ಬರೆಯುವುದು, ಡ್ರಾಯಿಂಗ್ ಓದುವುದು ಕಲಿಯುತ್ತೇವೆ. ಆ ರಸ್ತೆ ಅಗಲ ಮಾಡುವ ಕಂಪನಿಯಲ್ಲಿ ನಾಳೆ ಕೂರುವವರೂ ನಾವೇ. ಸರ್ವೆ ಶೀಟಿನ ಮೇಲೆ ಒಂದು ಗೆರೆ ಎಳೆದಾಗ ಅದು ಯಾರ ಅಂಗಳದಲ್ಲಿ ಹೋಗುತ್ತದೆ, ಅಲ್ಲಿ ಮೊದಲು ಏನಿತ್ತು ಅಂತ ಕೇಳುವವನು ಆ ಟೇಬಲ್ಲಿನಲ್ಲಿ ಒಬ್ಬನಾದರೂ ಇರಬೇಕು. ಕೇಳುವುದೂ ಮೀಟಿಂಗಿನ ಭಾಷೆಯಲ್ಲೇ ಕೇಳಬೇಕು, ಹಾಗಾಗಿ ಇಂಗ್ಲಿಷೂ ಬೇಕು. ಖಜಾಂಚಿ ಪೂರ್ತಿ ಒಪ್ಪಲಿಲ್ಲ, ಆದರೆ ಚಾ-ಬಿಸ್ಕಿಟ್ಟಿಗೆ ದುಡ್ಡು ಕೊಡಲು ಒಪ್ಪಿದ್ದಾನೆ.

ದುಡ್ಡು ಯಾವುದಕ್ಕೆ ಅಂದರೆ, ಸಿಲಬಸ್ಸು ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ, ಶನಿವಾರ ಮಧ್ಯಾಹ್ನ ನಮ್ಮ ಕೈಯಲ್ಲಿದೆ. ಬರುವ ತಿಂಗಳಿನಿಂದ ಎರಡು ವಾರಕ್ಕೊಮ್ಮೆ ಲ್ಯಾಬ್ ಮುಗಿದ ಮೇಲೆ ಸೇರುತ್ತೇವೆ. ಒಂದು ಪುಟ ಇಂಗ್ಲಿಷ್, ನಮ್ಮ ಊರುಗಳ ಇತಿಹಾಸಕ್ಕೆ ಸಂಬಂಧಪಟ್ಟದ್ದು. ಜೋರಾಗಿ ಓದುವುದು, ಅರ್ಥ ಆಗದ್ದನ್ನು ಕನ್ನಡದಲ್ಲಿ ಕೇಳುವುದು, ಕುಂದಾಪ್ರ ಕನ್ನಡ, ಹುಬ್ಬಳ್ಳಿ ಕನ್ನಡ ಯಾವುದಾದರೂ ನಡೆಯುತ್ತದೆ, ಆಮೇಲೆ ಎಲ್ಲರೂ ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆಯುವುದು. ‘ಬ್ಯೂಟಿಫುಲ್’ಗೆ ಒಂದು ಮಾರ್ಕು ಕಟ್, ಆ ನಿಯಮ ಹಾಗೇ ಇಟ್ಟುಕೊಂಡಿದ್ದೇವೆ. ಪ್ಯಾಸಿವಿನಲ್ಲಿ ಬರೆದವರು ಯಾರು ಮಾಡಿದ್ದು ಅಂತ ಹೇಳಬೇಕು. ಹಾಸನದವರು ಹಾಸನದ್ದು, ರಾಯಚೂರಿನವರು ರಾಯಚೂರಿನದ್ದು ಒಂದೊಂದು ಪುಟ ಹುಡುಕಿ ತರಬೇಕು; ಮೊದಲ ಸಲದ್ದು ಇಬ್ನ್ ಬತೂತ ಬಾರಕೂರಿನ ಬಗ್ಗೆ ಬರೆದ ಪುಟ, ಇಂಗ್ಲಿಷ್ ಅನುವಾದ. ನಡೆಸಿಕೊಡುವವಳು ಜಿಡಿಯಲ್ಲಿ ಸುಮ್ಮನಿದ್ದ ನಮ್ಮ ಕೋಟದ ಗೆಳತಿ. ಅಜ್ಜಯ್ಯನನ್ನೂ ಕರೆದಿದ್ದೇವೆ. ಮೊಣಕಾಲು ನೋವು ಕಡಿಮೆ ಇದ್ದರೆ ಬರುತ್ತೇನೆ ಅಂದಿದ್ದಾರೆ, ಮತ್ತೆ ನಿಮ್ಮಲ್ಲಿ ಬ್ಲ್ಯಾಕ್‌ಬೋರ್ಡು ಉಂಟಾ ಅಂತ ಕೇಳಿದ್ದಾರೆ. ಸೆಮಿನಾರ್ ಹಾಲಿನಲ್ಲಿ ಪ್ರೊಜೆಕ್ಟರ್ ಮಾತ್ರ ಇರುವುದು. ಹಳೇ ಬಿಲ್ಡಿಂಗಿನ ಡ್ರಾಯಿಂಗ್ ಹಾಲಿನಲ್ಲಿ ಒಂದು ಬೋರ್ಡು ಇದೆ, ಕೀ ಯಾರ ಹತ್ತಿರ ಉಂಟು ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ.